ಅಜ್ಜಿಗೆ ಸಿಕ್ಕದ್ದ ಕೋವಿಯ ಕ್ರಯ

ಓ ಮೊನ್ನೆ ಹೊತ್ತೋಪಗ ಆನು ಒಲೆಲಿ ಕೊದಿಲು ಮಡಗಿಕ್ಕಿ ಕೂದಿತ್ತಿದ್ದೆ. ಕೆಳಾಣ ಮನೆ ಅಕ್ಕನ ಫೋನು ಬಂತು. "ನಿಂಗಳಲ್ಲಿ ಮಾವನ ಕೋವಿ ಇತ್ತನ್ನೆ? ಅದರ ಎಷ್ಟಕ್ಕೆ ಕೊಟ್ಟಿ?" ಹೇಳಿ ಕೇಳಿತ್ತು. ಅಡಕ್ಕೆಯ ಕ್ರಯ ಕೇಳುವವು ಇದ್ದವು, ಚಿನ್ನದ ಕ್ರಯ ಕೇಳುವವು ಇದ್ದವು. ಹೆಮ್ಮಕ್ಕೊ ಕೋವಿಯ ಕ್ರಯ ಕೇಳಿದ್ದರ ಆನು ಕಂಡದು ಇದೇ ಸುರು.

ವಿಷಯ ಎಂತ ಹೇಳಿರೆ, ಅವರ ಮಾವ ತೀರಿಹೋಗಿ ರಜ ಸಮಯ ಆತು. ಕೋವಿ ಉಪ್ಪರಿಗೆಲಿ ಬಾಕಿ. ಪೇಟೆಂದ ಒಬ್ಬ ಬಂದು, "ಹಳೇ ಕಬ್ಬಿಣ ಅಕ್ಕ, ಇದರ ಈಗ ಆರೂ ಕೇಳ್ತವಿಲ್ಲೆ. ನಾಕು ಸಾವಿರ ಕೊಡ್ತೆ, ಕಾಗದಪತ್ರ ಎಲ್ಲ ಆನೇ ನೋಡಿಗೊಳ್ತೆ" ಹೇಳಿದನಡ. "ಕಾಗದ ಆನೇ ನೋಡಿಗೊಳ್ತೆ" ಹೇಳಿದ್ದರಲ್ಲಿ ಅಕ್ಕಂಗೆ ಸಂಶಯ ಬಂತು. ಸಂಶಯ ಬಂದದು ಒಳ್ಳೆದೇ ಆತು. ಎನಗೆ ಮಾತ್ರ ಆ ನಾಕು ಸಾವಿರ ಕೇಳಿಯಪ್ಪಗ ಎನ್ನ ಅಜ್ಜಿಯ ನೆಂಪಾತು.

ಎನ್ನ ಅಪ್ಪನ ಮನೆ ಸುಳ್ಯದ ಹೊಡೆಲಿ. ಅಲ್ಲಿ ಚಾವಡಿಯ ಗೋಡೆಲಿ ಎರಡು ಮರದ ಗೂಟ, ಅದರ ಮೇಗೆ ಅಜ್ಜನ ಜೋಡುನಳಿಗೆ ಕೋವಿ. ಅಜ್ಜಿ ಅದಕ್ಕೆ 'ಬೆಡಿ' ಹೇಳಿಯೇ ಹೇಳುಗು. ದೀಪಾವಳಿಗೆ ಹೊಟ್ಟುಸುವ ಬೆಡಿಯೂ ಅದೇ ಶಬ್ದ, ಹಾಂಗಾಗಿ ಮಕ್ಕೊಗೆ ಎಂಗೊಗೆ ಕೊಶಿ. ಅಜ್ಜ ಅದರ ತೆಗವದು ಮಂಗಂಗೊ ಬಾಳೆಗೊನೆಗೆ ಕೈ ಹಾಕುವಗ, ಮತ್ತೆ ಇರುಳು ಹಂದಿಗೊ ಗೆದ್ದೆಗೆ ಇಳಿವಗ. ಹೆಚ್ಚಾಗಿ ಆಕಾಶಕ್ಕೆ ಒಂದು ಈಡು, ಅಷ್ಟೆ. ಆಯುಧ ಪೂಜೆ ದಿನ ಅದಕ್ಕೂ ಗಂಧ, ಹೂಗು ಇತ್ತು.

ಆನು ಆರನೇ ಕ್ಲಾಸಿಲಿಪ್ಪಗ ಅಜ್ಜ ತೀರಿಹೋದವು. ಲೈಸೆನ್ಸು ಅಜ್ಜನ ಹೆಸರಿಲಿ ಇದ್ದದು. ಅಜ್ಜ ಇಲ್ಲೆ ಹೇಳಿಯಪ್ಪಗ ಕೋವಿಯ ಮನೆಲಿ ಮಡಿಕ್ಕೊಂಬಲೆ ಆಗ. ಅಪ್ಪಂಗೂ ದೊಡ್ಡಪ್ಪಂಗೂ ಲೈಸೆನ್ಸಿನ ಹಿಂದೆ ಓಡಾಡ್ಲೆ ಪುರುಸೊತ್ತಿಲ್ಲೆ. ಬೊಜ್ಜ ಕಳುದ ಮರುವಾರವೇ ಒಬ್ಬ ಬಂದ, ಆರುನೂರು ರುಪಾಯಿ ಎಣುಸಿ ಕೊಟ್ಟ, ಕೋವಿ ತೆಕ್ಕೊಂಡು ಹೋದ. ಅದೇ ಕೋವಿಯ ಎರಡೇ ತಿಂಗಳಿಲಿ ಘಟ್ಟದ ಮೇಗಾಣ ಒಂದು ಎಸ್ಟೇಟಿಂಗೆ ಐದು ಸಾವಿರಕ್ಕೆ ಕೊಟ್ಟನಡ ಹೇಳಿ ಮತ್ತೆ ಗೊಂತಾತು.

ನಮ್ಮ ಅಜ್ಜಿ ಎಂತ ಪೆದ್ದು ಅಲ್ಲ. ಅಡಕ್ಕೆ ಸೊಲಿವಗ ಒಳ್ಳೆ ಅಡಕ್ಕೆ, ಪಟೋರ, ಕರಿಗೋಟು ಹೇಳಿ ಕತ್ತಲೆಲಿಯೂ ಕೈಲಿ ಮುಟ್ಟಿ ಬೇರೆ ಮಾಡುಗು. ಮೂರು ಅಂಗಡಿಯ ಕ್ರಯ ಕೇಳದ್ದೆ ಒಂದು ಗೋಣಿಯನ್ನೂ ಹೆರ ಹಾಕ. ಆದರೆ ಕೋವಿಯ ವಿಷಯಲ್ಲಿ ಅದರತ್ರೆ ಕೇಳಿದವು ಆರೂ ಇಲ್ಲೆ. ಆನು ಕಾಲೇಜಿಂಗೆ ಹೋಪ ಸಮಯಲ್ಲಿ ಒಂದರಿ ಹೇಳಿತ್ತು, "ಪೈಸೆ ಕಮ್ಮಿ ಆತು ಹೇಳಿ ಬೇಜಾರ ಅಲ್ಲ ಮಗಳೇ. ನಲುವತ್ತು ವರ್ಷ ಅದಕ್ಕೆ ಎಣ್ಣೆ ಕಿಟ್ಟಿದ್ದು ಆನು. ಮಾರುವಗ ಎನ್ನತ್ರೆ ಒಂದು ಮಾತು ಕೇಳಿದ್ದವಿಲ್ಲೆ" ಹೇಳಿ.

ಈ ಮಾತು ಎನ್ನ ತಲೆಲಿ ಕೂದಿತ್ತು. ಹಾಂಗಾಗಿ ನಮ್ಮ ಮಾವ ತೀರಿಹೋಗಿ ಅವರ ಕೋವಿಯ ಮಾರುವ ಸಂದರ್ಭ ಬಂದಪ್ಪಗ, ಆನು ರಜ ಓದಿದೆ, ಗೊಂತಿಪ್ಪವರತ್ರೆ ಕೇಳಿದೆ. ಒಂದು ಹಳೇ ಕೋವಿಗೆ ಕ್ರಯ ಎಲ್ಲಿಂದ ಬತ್ತು, ಎಲ್ಲಿಗೆ ಹೋವುತ್ತು ಹೇಳ್ತ ಕತೆ ನೂರೈವತ್ತು ವರ್ಷಕ್ಕೂ ಹಿಂದಂಗೆ ಹೋವುತ್ತು. ಅದರ ಇಲ್ಲಿ ಬರೆತ್ತೆ.

ಮದಲು ನಮ್ಮ ಊರಿನ ಜೆನಂಗೊಕ್ಕೆ ಕೋವಿ ಹೇಳಿರೆ ಕತ್ತಿ, ಕೊಡಲಿಯ ಹಾಂಗೇ ಒಂದು ಸಾಮಾನು. ಕೊಂಬಲೆ ಮಾರ್ಲೆ ಸರಕಾರದ ಕಾಗದ ಬೇಡ. ಗಟ್ಟಿ ಇದ್ದರೆ ಒಂದು ಕ್ರಯ, ತುಕ್ಕು ಹಿಡುದರೆ ಇನ್ನೊಂದು ಕ್ರಯ. 1837ರಲ್ಲಿ ನಮ್ಮ ಸುಳ್ಯದ ಹೊಡೆಂದಲೇ ರೈತರ ದಂಡು ಹೆರಟು ಮಂಗ್ಳೂರಿನವರೆಗೆ ಹೋಗಿ ಬಾವುಟಗುಡ್ಡೆಲಿ ಬಾವುಟ ಹಾರ್ಸಿದ್ದು ನಿಂಗೊಗೆ ಗೊಂತಿಕ್ಕು. ಅಮರ ಸುಳ್ಯದ ದಂಗೆ ಹೇಳಿ ಹೇಳುದು ಅದನ್ನೇ. ಊರ ಜೆನರ ಕೈಲಿ ಆಯುಧ ಇದ್ದರೆ ಎಂತ ಅಕ್ಕು ಹೇಳಿ ಕುಂಪಣಿಯವಕ್ಕೆ ಅಂದೇ ಗೊಂತಾತು. ಮತ್ತೆ 1857ರಲ್ಲಿ ಉತ್ತರಲ್ಲಿ ದೊಡ್ಡ ದಂಗೆ ಆತು. ಅದಾದ ಮೇಲೆ 1860ರಲ್ಲಿ ಒಂದು ಕಾಯಿದೆ ಬಂತು, ಅದರಿಂದಲೂ ಬಿಗಿ ಆದ್ದು 1878ರಲ್ಲಿ, ಲಿಟ್ಟನ್ ವೈಸ್‌ರಾಯ್ ಆಗಿಪ್ಪಗ. ಲೈಸೆನ್ಸು ಇಲ್ಲದ್ದೆ ಕೋವಿ ಮಡಿಕ್ಕೊಂಬಲಾಗ ಹೇಳಿ ಆತು. ನಮ್ಮ ಜಿಲ್ಲೆ ಆವಗ ಮದ್ರಾಸು ಪ್ರಾಂತ್ಯಲ್ಲಿ, ನವಗೂ ಅದೇ ಕಾಯಿದೆ.

ಕೋವಿಯ ಕ್ರಯದ ಕತೆಲಿ ದೊಡ್ಡ ತಿರುಗು ಇದುವೇ. ಅಂದಿಂದ ಕೋವಿ ಹೇಳಿರೆ ಬರೇ ಕಬ್ಬಿಣ, ಮರ ಅಲ್ಲ, ಒಟ್ಟಿಂಗೆ ಒಂದು ಕಾಗದವೂ ಬೇಕು. ಒಂದು ದನವ ಆರಿಂಗೆ ಬೇಕಾರೂ ಮಾರ್ಲಕ್ಕು. ಕೋವಿಯ ಹಾಂಗಲ್ಲ, ತೆಕ್ಕೊಂಬವನತ್ರೂ ಲೈಸೆನ್ಸು ಇರೆಕ್ಕು. ಕೊಂಬವು ಕಮ್ಮಿ ಆದರೆ ಕ್ರಯ ಇಳಿತ್ತು, ಅಡಕ್ಕೆ ಮಾರ್ತ ನವಗೆ ಇದರ ಆರೂ ಹೇಳಿಕೊಡೆಕ್ಕು ಹೇಳಿ ಇಲ್ಲೆ. ಅದೂ ಅಲ್ಲದ್ದೆ ಕಾಗದ ಇಪ್ಪದು ಮನೆಯ ಒಬ್ಬನ ಹೆಸರಿಲಿ ಮಾತ್ರ. ಅವ ಹೋದ ದಿನವೇ ಕಾಗದವೂ ಹೋತು, ಕೋವಿ ಮಾತ್ರ ಒಳುದತ್ತು. ಅಂಬಗ ಮಾರುವವಕ್ಕೆ ಗಡಿಬಿಡಿ, ಕೊಂಬವಂಗೆ ಪುರುಸೊತ್ತು. ಅಜ್ಜಿಯ ಆರುನೂರು ರುಪಾಯಿ ಹುಟ್ಟಿದ್ದು ಅಲ್ಲಿ.

ಘಟ್ಟ ಹತ್ತಿರೆ ಕೊಡಗಿಲಿ ಬೇರೆಯೇ ಕ್ರಮ. 1861ರಲ್ಲಿ ಕಮಿಶನರ್ ಮಾರ್ಕ್ ಕಬ್ಬನ್ ಕೊಡಗಿನವಕ್ಕೆ ಆ ಕಾಯಿದೆಂದ ಬಿಡುಗಡೆ ಕೊಟ್ಟವು. ಕೊಡವರಿಂಗೂ ಜಮ್ಮಾ ಭೂಮಿ ಇಪ್ಪವಕ್ಕೂ ಅದು ಇಂದಿಂಗೂ ಇದ್ದು, ಕೇಂದ್ರ ಸರಕಾರ 2029ರವರೆಗೆ ಮುಂದುವರ್ಸಿದ್ದು. ಅಲ್ಲಿ ಯಜಮಾನ ಹೋದರೂ ಕೋವಿ ಮನೆಲಿಯೇ ಒಳಿತ್ತು. ಕೈಲ್ ಪೊಳ್ದಿಂಗೆ ಅದಕ್ಕೆ ಹೂಗು ಮಡುಗಿ ಪೂಜೆ ಮಾಡ್ತವು. ಗಡಿಬಿಡಿಲಿ ಮಾರುವ ಪರಿಸ್ಥಿತಿ ಅವಕ್ಕೆ ನಮ್ಮಷ್ಟು ಇಲ್ಲೆ. ಸುಳ್ಯಂದ ಮಡಿಕೇರಿಗೆ ಎಷ್ಟು ದೂರ ಇದ್ದು? ಅಷ್ಟರೊಳವೇ ಒಂದು ಕೋವಿಯ ಬದುಕು ಹೀಂಗೆ ಬೇರೆ ಆವುತ್ತು.

ಇನ್ನು ಕೋವಿಯ ವಿಷಯ. ನಮ್ಮ ಅಜ್ಜಂದ್ರ ಅಜ್ಜಂದ್ರ ಕಾಲದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು, ಚಿಲ್ಲು ತುಂಬುಸಿ, ಹಿಂದೆ ಕೇಪು ಮಡುಗಿ ಹೊಟ್ಟುಸುದು. ಮತ್ತೆ ಬಂದದು ಮಧ್ಯಕ್ಕೆ ಮಡಚಿ ತೋಟೆ ಹಾಕುವ ಕೋವಿ. ಲೈಸೆನ್ಸಿಲಿ ಹನ್ನೆರಡು ಬೋರು ಹೇಳಿ ಬರಕ್ಕೊಂಡಿರ್ತನ್ನೆ, ಆ ಹನ್ನೆರಡು ಎಂತದು ಹೇಳಿ ಎನಗೆ ಸುಮಾರು ವರ್ಷ ಅರಡಿಯ. ಒಂದು ಪೌಂಡು ಸೀಸವ ಕರಗಿಸಿ ಸಮ ಹನ್ನೆರಡು ಉಂಡೆ ಕಟ್ಟಿರೆ, ಒಂದು ಉಂಡೆ ಎಷ್ಟು ದಪ್ಪ ಬತ್ತೋ ನಳಿಗೆಯ ಒಟ್ಟೆ ಅಷ್ಟು ಅಗಲ. ಲಾಡು ಕಟ್ಟುವ ಲೆಕ್ಕವೇ! ಒಂದು ಉಂಡೆ ಸುಮಾರು 38 ಗ್ರಾಂ, ಅಗಲ ಹದಿನೆಂಟೂವರೆ ಮಿಲಿಮೀಟರು. ಹದಿನಾರು ಉಂಡೆ ಕಟ್ಟಿರೆ ಹದಿನಾರು ಬೋರು, ಒಟ್ಟೆ ಸಣ್ಣ. ಹಾಂಗಾಗಿ ನಂಬ್ರ ದೊಡ್ಡ ಆದ ಹಾಂಗೆ ಕೋವಿ ಸಪೂರ.

ಬ್ರಿಟಿಷರ ಕಾಲಲ್ಲಿ ಇಲ್ಲಿಗೆ ಬಂದ ಒಳ್ಳೆ ಕೋವಿಗೊ ಸುಮಾರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಂದ ಬಂದದು. ಅಲ್ಲಿ 1813ರಲ್ಲಿ ಪಾರ್ಲಿಮೆಂಟಿನ ಕಾಯಿದೆ ಮಾಡಿ ಒಂದು ಪರೀಕ್ಷೆಯ ಮನೆ ಕಟ್ಟಿದವು. ಮಾರಾಟಕ್ಕೆ ಹೋಪ ಪ್ರತಿ ನಳಿಗೆಯನ್ನೂ ಹೆಚ್ಚು ಮದ್ದು ಹಾಕಿ ಹೊಟ್ಟುಸಿ ನೋಡಿ, ಒಡೆಯದ್ದರೆ ಮಾತ್ರ ಮುದ್ರೆ ಹೊಡಗು. ಚಿನ್ನಕ್ಕೆ ಹಾಲ್‌ಮಾರ್ಕು ಇಪ್ಪ ಹಾಂಗೆ. ಕೋವಿಯ ಬಿಡಿಸಿರೆ ನಳಿಗೆಯ ಅಡಿಲಿ ಈ ಮುದ್ರೆಗೊ ಕಾಣ್ತು. ಸಣ್ಣ ಕಿರೀಟ, ಅದರ ಅಡಿಲಿ ಎನ್.ಪಿ. ಹೇಳಿ ಎರಡು ಅಕ್ಷರ ಇದ್ದರೆ, ಹೊಗೆ ಇಲ್ಲದ್ದ ಹೊಸ ಮದ್ದಿಂಗೆ ಆ ನಳಿಗೆ ಪಾಸು ಆಯಿದು ಹೇಳಿ ಅರ್ಥ. ಅದಕ್ಕೂ ಹಳೇ ಕೋವಿಗೊ ಕರಿಮದ್ದಿಂಗೆ ಮಾತ್ರ ಮಾಡಿದ್ದು, ಅದರಲ್ಲಿ ಈಗಾಣ ತೋಟೆ ಹಾಕಿರೆ ಅಪಾಯ. ಹಾಂಗೆಯೇ ತೋಟೆ ಕೂಬ ಜಾಗೆಯ ಉದ್ದ. ಹಳತ್ತರಲ್ಲಿ ಎರಡೂವರೆ ಇಂಚು, ಹೊಸತ್ತರಲ್ಲಿ ಹೆಚ್ಚಾಗಿ ಎರಡೂಮುಕ್ಕಾಲು ಇಂಚು. ಈ ಕಾಲಿಂಚಿಲಿ ಕ್ರಯವೂ ಬದಲುತ್ತು, ಜೀವದ ಜಾಗ್ರತೆಯೂ ಇದ್ದು. ನಮ್ಮ ದೇಶಲ್ಲಿಯೂ ಕೋವಿ ಮಾಡ್ತವು. ಬಂಗಾಳದ ಈಶಾಪುರಲ್ಲಿ ಸರಕಾರದ ಕಾರ್ಖಾನೆ ಇದ್ದು, ಬಿಹಾರದ ಮುಂಗೇರಿಲಿ ಖಾಸಗಿಯವು ಇದ್ದವು. ಒಂದೇ ಹನ್ನೆರಡು ಬೋರು ಆದರೂ ಆರು ಮಾಡಿದ್ದು ಹೇಳ್ತರ ಮೇಲೆ ಕ್ರಯ ಅಜಗಜಾಂತರ. 'ಹಳೇ ಕಬ್ಬಿಣ' ಹೇಳುವವಂಗೆ ಇದೆಲ್ಲ ಗೊಂತಿಲ್ಲೆ ಹೇಳಿ ಗ್ರೇಶೆಡಿ. ಗೊಂತಿದ್ದೇ ಹಾಂಗೆ ಹೇಳುದು!

ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ಹೊಸ ಆಯುಧ ಕಾಯಿದೆ ಆಗಿ, 1962ರಲ್ಲಿ ಜಾರಿಗೆ ಬಂತು. ಬೆಳೆ ರಕ್ಷಣೆಗೆ ಹೇಳಿಯೇ ಬೇರೆ ಲೈಸೆನ್ಸು ಇತ್ತು. ನಮ್ಮ ಹೊಡೆಯ ತೋಟದ ಮನೆಗಳಲ್ಲಿ ಹೆಚ್ಚಾಗಿ ಇಪ್ಪದು ಆ ಲೈಸೆನ್ಸಿನ ಕೋವಿಯೇ. 1972ರಲ್ಲಿ ವನ್ಯಜೀವಿ ಕಾಯಿದೆ ಬಂದಪ್ಪಗ ಪ್ರಾಣಿಗಳ ಕೊಲ್ಲುಲೆ ತಡೆ ಆತು, ಕೋವಿ ಹೆದರ್ಸುವ ಸಾಮಾನು ಆತು.

ಮತ್ತೆ 1980ರ ದಶಕದ ನಡೂಕೆ ವಿದೇಶದ ಕೋವಿ ತರ್ಸುದಕ್ಕೆ ಸರಕಾರ ತಡೆ ಹಾಕಿತ್ತು. ಶೂಟಿಂಗ್ ಆಟದವಕ್ಕೆ ಮಾತ್ರ ರಜ ಬಿಡ್ತಿ ಇದ್ದು. ಹೊಸ ಇಂಗ್ಲಿಷು ಕೋವಿ ಬಪ್ಪದು ನಿಂದತ್ತು ಹೇಳಿರೆ, ದೇಶದೊಳ ಇಪ್ಪ ಹಳತ್ತೇ ಕೈಂದ ಕೈಗೆ ತಿರುಗೆಕ್ಕು. ಒಳ್ಳೆ ಹೆಸರಿನ ಕೋವಿಗೊಕ್ಕೆ ಕ್ರಯ ಏರಿದ್ದು ಅಂಬಗ. ನಮ್ಮ ಅಜ್ಜಿಯ ಮನೆಂದ ಕೋವಿ ಹೋದ್ದು ಇದಕ್ಕೆ ರಜವೇ ವರ್ಷ ಮದಲು. ಇದರ ಓದಿಯಪ್ಪಗ ಎನಗೆ ಹೊಟ್ಟೆಯೊಳ ಎಂತೋ ಆತು.

ಏರಿದ ಕ್ರಯ ಹಾಂಗೇ ನಿಂದಿದಿಲ್ಲೆ. ಮಕ್ಕೊ ಎಲ್ಲ ಬೆಂಗ್ಳೂರಿಂಗೆ ಹೋದವು, ಅಲ್ಲಿ ಫ್ಲ್ಯಾಟಿಲಿ ಕೋವಿ ಎಂತಕೆ? ಹೊಸ ಲೈಸೆನ್ಸು ಸಿಕ್ಕುದು ಕಷ್ಟ ಆತು. 2019ರ ಅಕೇರಿಗೆ ಕಾಯಿದೆ ತಿದ್ದಿ, ಒಬ್ಬಂಗೆ ಮೂರು ಕೋವಿ ಇದ್ದದರ ಎರಡಕ್ಕೆ ಇಳಿಶಿದವು. ಮೂರನೆದರ ಒಂದು ವರ್ಷದೊಳ ಬಿಡೆಕ್ಕು. ಒಂದೇ ಸಮಯಲ್ಲಿ ಎಲ್ಲೋರೂ ಮಾರ್ಲೆ ಹೆರಟರೆ ಎಂತ ಅಕ್ಕು ಹೇಳಿ ಅಡಕ್ಕೆ ಬೆಳೆಶುವ ನವಗೆ ಗೊಂತಿದ್ದನ್ನೆ.

ಇನ್ನೊಂದು, ಓಟು. ಚುನಾವಣೆ ಬಪ್ಪಗ ಹೆಚ್ಚಾಗಿ ಕೋವಿಯ ಕೊಂಡೋಗಿ ಒಪ್ಪುಸೆಕ್ಕಾವ್ತು. ನಮ್ಮ ಮಾವ ಒಂದರಿ ಮಳೆಗಾಲ ಸುರು ಅಪ್ಪಗ ವಾಪಾಸು ತಪ್ಪಲೆ ಹೋದವು. ರಾಶಿ ಹಾಕಿದ್ದರ ಅಡಿಂದ ತೆಗದು ಕೊಟ್ಟವಡ. ನಳಿಗೆಲಿ ತುಕ್ಕಿನ ಚುಕ್ಕಿ, ಹಿಡಿಲಿ ಗೀರು. ಅಂದು ಇರುಳು ಅವಕ್ಕೆ ಊಟ ಸೇರಿದ್ದಿಲ್ಲೆ. ಆ ಚುಕ್ಕಿಯ ಕ್ರಯ ಎಷ್ಟು ಹೇಳಿ ಎಂಗೊಗೆ ಗೊಂತಾದ್ದು ಮಾರುವಗ.

ಈಗ ಆ ಮಾರಿದ ಕತೆ. ಮಾವ ಹೋದ ಮೇಲೆ ಮಕ್ಕಳಲ್ಲಿ ಆರಿಂಗೂ ಲೈಸೆನ್ಸು ಬೇಡ ಹೇಳಿ ಆತು. ನಿಜಕ್ಕೂ 2016ರ ನಿಯಮಲ್ಲಿ ಒಂದು ಒಳ್ಳೆ ಅವಕಾಶ ಇತ್ತು. ಯಜಮಾನಂಗೆ 70 ವರ್ಷ ಆದರೆ, ಅಥವಾ ಕೋವಿ ಮಡಿಕ್ಕೊಂಡು 25 ವರ್ಷ ಆದರೆ, ಅವು ಇಪ್ಪಗಳೇ ಮನೆಯ ಒಬ್ಬನ ಹೆಸರು ಹೇಳಿ ಅವಂಗೆ ಲೈಸೆನ್ಸು ಕೇಳ್ಲಕ್ಕು. ಮಾವ "ಬಪ್ಪ ವರ್ಷ ನೋಡುವ" ಹೇಳಿಯೇ ಕಳುದವು.

ಎಂಗೊ ಮದಲು ಮಾಡಿದ್ದು, ಸ್ಟೇಶನಿಂಗೆ ತಿಳಿಶಿ ಕೋವಿಯ ಲೈಸೆನ್ಸು ಇಪ್ಪ ಒಂದು ಕೋವಿ ಅಂಗಡಿಲಿ ಠೇವಣಿ ಮಡುಗಿದ್ದು. ಇಲ್ಲಿ ಒಂದು ಮಾತು ಹೆಮ್ಮಕ್ಕೊ ಎಲ್ಲೋರೂ ನೆಂಪಿಲಿ ಮಡುಗೆಕ್ಕು. ಠೇವಣಿ ಮಡುಗಿರೆ ಕೋವಿ ಸರಕಾರದ್ದೂ ಆವ್ತಿಲ್ಲೆ, ಅಂಗಡಿಯವಂದೂ ಆವ್ತಿಲ್ಲೆ. ಲೈಸೆನ್ಸುದಾರ ತೀರಿಹೋದರೆ ಅವನ ವಾರಸುದಾರರು, ಹೇಳಿರೆ ಹೆಂಡತ್ತಿಯೂ ಮಕ್ಕಳೂ, ಅದರ ಲೈಸೆನ್ಸು ಇಪ್ಪವಕ್ಕೆ ಮಾರಿ ಪೈಸೆ ತೆಕ್ಕೊಂಬಲಕ್ಕು ಹೇಳಿ 1959ರ ಕಾಯಿದೆಯ 21ನೇ ಕಲಮಿಲಿ ಬರದ್ದು. ಆದರೆ ಅದಕ್ಕೆ ವಾಯಿದೆ ಇದ್ದು. ವಾಯಿದೆ ದಾಂಟಿರೆ ಕೋವಿ ಸರಕಾರಕ್ಕೆ ಜಪ್ತಿ, ಕಾಸು ಇಲ್ಲೆ. ವಾಯಿದೆ ಎಂದಿಂಗೆ ಮುಗಿತ್ತು ಹೇಳಿ ಠೇವಣಿಯ ದಿನವೇ ಕೇಳಿ ಬರಕ್ಕೊಳೆಕ್ಕು. ಅಜ್ಜಿಗೂ ಈ ಹಕ್ಕು ಇತ್ತು. ಹೇಳಿದವು ಆರೂ ಇತ್ತಿದ್ದವಿಲ್ಲೆ.

ರಶೀದಿಯ ಅತ್ತೆಯ ಹೆಸರಿಲಿ ಮಾಡ್ಸಿದೆಯೊ°. ರಶೀದಿಲಿ ಬರೇ 'ಒಂದು ಕೋವಿ' ಹೇಳಿ ಬರೆತ್ತಿತ್ತವು. ಅತ್ತೆ ಬಿಟ್ಟಿದವಿಲ್ಲೆ. ಮಾಡಿದ ಕಂಪೆನಿಯ ಹೆಸರು, ನಂಬ್ರ, ಬೋರು, ನಳಿಗೆಯ ಉದ್ದ ಎಲ್ಲ ಬರೆಶಿದವು. ಅಂಗಡಿಯವು ನಳಿಗೆ ಬಿಡಿಸಿ ತೋರ್ಸಿಯಪ್ಪಗ ಕಿರೀಟದ ಮುದ್ರೆಯ, ಎನ್.ಪಿ. ಅಕ್ಷರವ ಆನು ಮೊಬೈಲಿಲಿ ಫೋಟೋ ತೆಗದೆ. ನಳಿಗೆಯ ಬೆಣಚ್ಚಿಂಗೆ ಹಿಡುದು ಒಳ ನೋಡಿದೆಯೊ°. ಒಂದು ಕನ್ನಟಿಯ ಹಾಂಗೆ ಇತ್ತು, ಇನ್ನೊಂದರಲ್ಲಿ ಆ ಓಟಿನ ತುಕ್ಕಿನ ಚುಕ್ಕಿ.

ಅಂಗಡಿಯವು ಸುರುವಿಂಗೆ ಐದು ಸಾವಿರ ಹೇಳಿದವು. "ಹಳತ್ತು ಅಮ್ಮ" ಹೇಳಿದವು. ಅತ್ತೆ ಶಾಂತಲ್ಲಿ, "ಹಳತ್ತು ಅಪ್ಪು. ಎನಗೂ ಎಪ್ಪತ್ತೆಂಟು ವರ್ಷ. ಅವಸರ ಎಂತದೂ ಇಲ್ಲೆ, ವಾಯಿದೆ ಇದ್ದನ್ನೆ" ಹೇಳಿದವು. ಯಜಮಾನ್ರು ಇನ್ನೊಂದು ಊರಿನ ಅಂಗಡಿಲಿ ಕೇಳಿದವು. ಅಲ್ಲಿ ಹನ್ನೆರಡು ಸಾವಿರ. ಮತ್ತೆ ಘಟ್ಟದ ಮೇಗಾಣ ಒಬ್ಬ ಕಾಫಿ ತೋಟದವು, ಲೈಸೆನ್ಸು ಇಪ್ಪವು, ಫೋಟೋ ನೋಡಿಕ್ಕಿ ತಾವೇ ಬಂದವು. ಚುಕ್ಕಿ ನೋಡಿ ರಜ ಕಮ್ಮಿ ಮಾಡಿದವು. ಅಖೇರಿಗೆ ಇಪ್ಪತ್ತೆಂಟು ಸಾವಿರಕ್ಕೆ ಆತು. ಚೆಕ್ಕು ಅತ್ತೆಯ ಹೆಸರಿಂಗೆ.

ಇಪ್ಪತ್ತೆಂಟು ಸಾವಿರ ದೊಡ್ಡದೋ ಸಣ್ಣದೋ ಹೇಳಿ ಎನ್ನತ್ರೆ ಕೇಳೆಡಿ. ಇನ್ನೂ ಬತ್ತಿತ್ತು ಹೇಳಿದವೂ ಇದ್ದವು. ಮಾರಿದ ಮೇಲೆ ಹಾಂಗೆ ಹೇಳುವವು ಯಾವದರಲ್ಲಿಯೂ ಇರ್ತವು. ಆದರೆ ಕ್ರಯ ಹೇಳಿದ್ದು ಅತ್ತೆ, ಒಪ್ಪಿದ್ದು ಅತ್ತೆ. ಅಜ್ಜಿಗೆ ಸಿಕ್ಕದ್ದು ಅದು. ಆ ಪೈಸೆಲಿ ಅತ್ತೆ ಎಂತ ಮಾಡಿದವು ಗೊಂತಿದ್ದೋ? ಮನೆ ಹಿಂದಾಣ ಬಾಳೆತೋಟಕ್ಕೆ ಸೋಲಾರು ಬೇಲಿ ಹಾಕುಲೆ ಕೊಟ್ಟವು. "ಕೋವಿಯ ಕೆಲಸ ಇನ್ನು ಬೇಲಿ ಮಾಡ್ಲಿ" ಹೇಳಿದವು. ಹಂದಿಗೊ ಈಗ ಆಚಕರೆ ತೋಟಕ್ಕೆ ಹೋವ್ತವು, ಅದು ಬೇರೆ ಸಂಗತಿ!

ಕೆಳಾಣ ಮನೆ ಅಕ್ಕಂಗೆ ಆನು ಇಷ್ಟೇ ಹೇಳಿದೆ. ಕೋವಿ ಮನೆಲಿ ಮಡಿಕ್ಕೊಳೆಡಿ, ಮದಲು ಠೇವಣಿ ಮಡುಗಿ ರಶೀದಿ ತೆಕ್ಕೊಳ್ಳಿ, ವಾಯಿದೆ ಕೇಳಿ. ಕೋವಿ ಹೊಳೆಯಲಿ ಹೇಳಿ ಮರಳುಕಾಗದಲ್ಲಿ ಉದ್ದೆಡಿ, ಮುದ್ರೆ ಮಾಸಿರೆ ಕ್ರಯವೂ ಹೋತು. ಮೂರು ಜೆನರತ್ರೆ ಕೇಳದ್ದೆ ಕೊಡೆಡಿ. ಅಂಗಡಿಗೆ ಅಲ್ಲದ್ದೆ ಲೈಸೆನ್ಸು ಇಪ್ಪ ಇನ್ನೊಬ್ಬಂಗೆ ಮಾರುದಾದರೆ, 45 ದಿನ ಮದಲೇ ಜಿಲ್ಲಾಧಿಕಾರಿಗೋ ಸ್ಟೇಶನಿಂಗೋ ಬರದು ತಿಳಿಶೆಕ್ಕು, ಕೊಂಬವನ ಲೈಸೆನ್ಸಿನ ಕಣ್ಣಿಲಿ ನೋಡೆಕ್ಕು. "ಕಾಗದ ಆನೇ ನೋಡಿಗೊಳ್ತೆ" ಹೇಳುವವಂಗೆ ಕೊಟ್ಟರೆ, ನಾಳೆ ಆ ಕೋವಿ ಎಲ್ಲಿ ಹೊಟ್ಟಿರೂ ಪೋಲೀಸು ಬಪ್ಪದು ನಮ್ಮ ಜಾಲಿಂಗೆ.

ಅಕ್ಕ ಮರುದಿನವೇ ಠೇವಣಿ ಮಡುಗಿತ್ತು. ನಾಕು ಸಾವಿರದವ ಮತ್ತೆ ಬಂದು ಎಂಟು ಸಾವಿರ ಹೇಳಿದನಡ. ಅಕ್ಕ ಚಾಯ ಕೊಟ್ಟು ಕಳುಸಿತ್ತು. ಕ್ರಯ ಇನ್ನೂ ಆಯಿದಿಲ್ಲೆ.

ನಿಂಗಳ ಮನೆಲಿಯೂ ಅಟ್ಟಲ್ಲೋ ಕಪಾಟಿಲೋ ಒಂದು ಕೋವಿ ಇದ್ದರೆ, ಇಂದು ಇರುಳು ಊಟ ಆದ ಮೇಲೆ ಒಂದರಿ ಕೇಳಿ, ಲೈಸೆನ್ಸು ಆರ ಹೆಸರಿಲಿ ಇದ್ದು, ಅವರ ನಂತರ ಆರಿಂಗೆ ಹೇಳಿ. ಯಜಮಾನ್ರಿಂಗೆ 70 ಆಯಿದರೆ "ಬಪ್ಪ ವರ್ಷ ನೋಡುವ" ಹೇಳುಲೆ ಬಿಡೆಡಿ.